ಅಪ್ಪನ ಮಳೆ ಪುಸ್ತಕ, ನನ್ನ ಮೊಬೈಲು: ನೀವು ಹೇಗೆ ಓದುತ್ತೀರಿ, ಎಲ್ಲಿ ಬರೆದಿಡುತ್ತೀರಿ?

ಮಳೆಪುಸ್ತಕ, ಮೂಡಿಗೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಿದ್ದಾಗ ಓದಿ.

ನಮ್ಮದು ಆರು ಎಕರೆ ಕಾಫಿ ತೋಟ. ಹೆಚ್ಚಿನದು ರೊಬಸ್ಟಾ, ಮೇಲಿನ ಇಳಿಜಾರಿನಲ್ಲಿ ಒಂದಿಷ್ಟು ಅರೇಬಿಕಾ. ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ನಮ್ಮ ಕಡೆಯವರಿಗೆಲ್ಲ ಗೊತ್ತು. ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಅಳತೆ ನೋಡಬೇಕು. ಸರ್ಕಾರದವರು ಮಿಲಿಮೀಟರ್ ಅಂದರೂ ನಮ್ಮಲ್ಲಿ ಇನ್ನೂ ಇಂಚು ಮತ್ತು ಸೆಂಟ್ಸ್ ಲೆಕ್ಕವೇ. 100 ಸೆಂಟ್ಸ್ ಆದರೆ 1 ಇಂಚು, ಅಂದರೆ 25.4 ಮಿ.ಮೀ.

ಅಪ್ಪ ಹೀಗೆ 1988ರಿಂದ 2018ರವರೆಗೆ ಬರೆದಿದ್ದಾರೆ. ವರ್ಷಕ್ಕೊಂದು ಡೈರಿ, ಒಟ್ಟು 31. ಮಳೆಯ ಅಂಕಿ ಬರೆದ ಮೇಲೆ ಪಕ್ಕದಲ್ಲಿ ಒಂದು ಸಾಲು. ಯಾರು ಬಂದರು, ಯಾವ ಬ್ಲಾಕಿನಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಆಯಿತು, ಯಾವ ಹಸು ಕರು ಹಾಕಿತು. ಅವರು ಲೈಬ್ರರಿ ಪುಸ್ತಕ ತುಂಬ ಓದುತ್ತಿದ್ದರು. ಅದೂ ಅಲ್ಲೇ ಇದೆ. ಒಂದು ಮಾರ್ಚ್ ತಿಂಗಳ ಪುಟದಲ್ಲಿ ಹೀಗಿದೆ: "ಹೂ ಮಳೆ 1 ಇಂಚು 10. ಸಾಕಷ್ಟಾಯಿತು. ಕಾದಂಬರಿ ಮುಗಿಯಿತು, ಕೊನೆ ಒಪ್ಪಿಗೆಯಾಗಲಿಲ್ಲ." ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗಿ ಮಲ್ಲಿಗೆಯ ಹಾಗೆ ಪರಿಮಳ ಬರುತ್ತದಲ್ಲ, ಆ ದಿನದ ಸಾಲು ಇಷ್ಟೇ: "ಹೂ ಅರಳಿತು."

ಅಪ್ಪ ತೀರಿಕೊಂಡ ಮೇಲೆ ನಾನು ಮಳೆ ಲೆಕ್ಕವನ್ನು ಮೊಬೈಲಿನಲ್ಲಿ ಇಡತೊಡಗಿದೆ. ಚಾರ್ಮಾಡಿ ಘಾಟಿ ಕುಸಿದ 2019ರ ಆಗಸ್ಟ್ ನೆನಪಿದೆಯಲ್ಲ, ಆ ವಾರದ ಅಳತೆಯೂ ಮೊಬೈಲಿನಲ್ಲೇ ಇತ್ತು. ಆಮೇಲೆ ಆ ಮೊಬೈಲು ನೀರಿಗೆ ಬಿತ್ತು. ಬ್ಯಾಕಪ್ ಮಾಡಿರಲಿಲ್ಲ. ಎರಡು ವರ್ಷದ ಮಳೆ ಹೋಯಿತು. ಅಪ್ಪನ 31 ವರ್ಷ ಅಲ್ಮೇರಾದಲ್ಲಿ ಭದ್ರವಾಗಿದೆ, ನನ್ನ ಎರಡು ವರ್ಷ ಇಲ್ಲ. ಇದು ನನ್ನನ್ನು ಬಹಳ ಕಾಡಿತು.

ಇನ್ನೊಂದು ವಿಷಯ. ನನ್ನ ಓದು ನಿಂತೇ ಹೋಗಿತ್ತು. ರಾತ್ರಿ ಪುಸ್ತಕ ಹಿಡಿದರೆ ನಾಲ್ಕು ಪುಟಕ್ಕೆ ಕೈ ಮೊಬೈಲಿಗೆ ಹೋಗುತ್ತಿತ್ತು. ಒಂದೇ ಕಾದಂಬರಿಯ ನಲವತ್ತನೇ ಪುಟದಲ್ಲಿ ಒಂದು ತಿಂಗಳು ನಿಂತಿದ್ದೆ. ಹೋದ ವರ್ಷ ಒಂದು ಡೈರಿ ತಂದೆ. ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು, ಜಗಲಿಯಲ್ಲಿ ಕೂತು, ಅಂಕಿ ಬರೆದು, ಒಂದು ಸಾಲು ಬರೆಯುತ್ತೇನೆ. ಓದುವ ಪುಸ್ತಕವನ್ನೂ ಡೈರಿಯ ಕೆಳಗೇ ಇಟ್ಟಿದ್ದೇನೆ. ಆಳುಗಳು ಬರುವ ತನಕ ಹತ್ತು ಪುಟ ಓದುತ್ತೇನೆ. ಮೊಬೈಲು ಒಳಗೆ ಚಾರ್ಜಿಗೆ ಇರುತ್ತದೆ. ಹೀಗೆ ಈ ವರ್ಷ ಒಂಬತ್ತು ಪುಸ್ತಕ ಮುಗಿಸಿದೆ. ಬರೆಯುವುದು ಕಾಗದದಲ್ಲೇ ಇರಬೇಕು ಅಂತ ನನಗೆ ಈಗ ಗಟ್ಟಿಯಾಗಿ ಅನಿಸುತ್ತಿದೆ.

ನಿಮ್ಮ ಓದು, ಬರವಣಿಗೆ ಹೇಗೆ ನಡೆಯುತ್ತಿದೆ? ಮೊಬೈಲು, ಕಂಪ್ಯೂಟರು ನಿಮಗೆ ಸಹಾಯ ಮಾಡಿದೆಯಾ, ತೊಂದರೆ ಮಾಡಿದೆಯಾ?

ಬೆರಳಚ್ಚು, ಹಾಸನ

ಬೇರೆ ಮಾತು ಆಮೇಲೆ. ಮೊದಲು ಆ 31 ಡೈರಿಗಳ ಫೋಟೋ ತೆಗೆಯಿರಿ. ನಿಮ್ಮ ಕಡೆ ಮಳೆಗಾಲದಲ್ಲಿ ಬೂಸ್ಟು ಹಿಡಿಯದ ವಸ್ತು ಇಲ್ಲ. ಗೆದ್ದಲು ಒಂದು ರಾತ್ರಿ ಬಂದರೆ ಸಾಕು. ಒಂದೇ ಪ್ರತಿ ಇರುವ ಕಾಗದವನ್ನು ಭದ್ರ ಅಂತ ಹೇಳಬೇಡಿ. ಬಿಸಿಲಿರುವ ದಿನ, ನೆರಳಿನಲ್ಲಿ ಇಟ್ಟು, ಮೇಲಿನಿಂದ ನೇರವಾಗಿ ತೆಗೆಯಿರಿ. ಫ್ಲ್ಯಾಶ್ ಬೇಡ, ಹೊಳೆಯುತ್ತದೆ.

ಸುರಂಗ 57, ಹಾಸನ

ನಾನು ಕೆಲಸದ ಮೇಲೆ ಹದಿನೈದು ದಿನಕ್ಕೊಮ್ಮೆ ಹಾಸನದಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುತ್ತೇನೆ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರಸ್ತೆ ಸ್ಟೇಷನ್ ತನಕ ಸುಮಾರು 55 ಕಿ.ಮೀ. ಘಾಟಿ. 57 ಸುರಂಗ. ರೈಲು ನಿಧಾನ, ಎರಡು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಅಲ್ಲಿ ನೆಟ್‌ವರ್ಕ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಮೊದಲು ಆ ಎರಡು ಗಂಟೆ ಬಹಳ ಬೇಸರ ಆಗುತ್ತಿತ್ತು. ಸುರಂಗದಿಂದ ಹೊರಗೆ ಬಂದ ತಕ್ಷಣ ಸಿಗ್ನಲ್ ಬಂತಾ ಅಂತ ನೋಡುವುದು, ಮತ್ತೆ ಸುರಂಗ. ಒಮ್ಮೆ ಚೀಲದಲ್ಲಿ ಒಂದು ಕಥೆಗಳ ಪುಸ್ತಕ ಇತ್ತು. ಎಡಕುಮೇರಿ ಬರುವಷ್ಟರಲ್ಲಿ ಮೂರು ಕಥೆ ಓದಿದ್ದೆ. ಅವತ್ತಿನಿಂದ ಘಾಟಿಯ ಓದು ಅಂತಲೇ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಎಷ್ಟು ಪ್ರಯತ್ನ ಮಾಡಿದರೂ ಇಷ್ಟು ಒಳಗೆ ಇಳಿದು ಓದಲು ಆಗುವುದಿಲ್ಲ. ಮಳೆಪುಸ್ತಕ ಅವರಿಗೆ ಜಗಲಿ ಇದ್ದ ಹಾಗೆ ನನಗೆ ಕಿಟಕಿ ಪಕ್ಕದ ಸೀಟು. ಓದಿಗೆ ಒಂದು ಜಾಗ ಬೇಕು ಅಂತ ನನಗೂ ಅನಿಸಿದೆ.

ಕತ್ತರಿ ದಾರ, ಅರಸೀಕೆರೆ

ಮಳೆಪುಸ್ತಕ ಅಣ್ಣ, ನಿಮ್ಮ ಬರಹ ಓದಿ ಖುಷಿಯಾಯಿತು. ಆದರೆ ಕಾಗದವೇ ಬೇಕು ಅನ್ನುವ ಮಾತು ನನ್ನಂಥವರಿಗೆ ಹೊಂದುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಬೆಳಿಗ್ಗೆ ಅಡುಗೆ ಮುಗಿಸಿ ಒಂಬತ್ತೂವರೆಗೆ ಮೆಷಿನ್ ಮುಂದೆ ಕೂತರೆ ರಾತ್ರಿ ಎಂಟು. ಮದುವೆ ಸೀಸನ್ನಿನಲ್ಲಿ ಹತ್ತು. ನನ್ನ ಎರಡು ಕೈಯೂ ಬಟ್ಟೆ ಮೇಲಿರುತ್ತದೆ. ಎರಡು ಕಣ್ಣೂ ಸೂಜಿ ಮೇಲಿರುತ್ತದೆ. ಪುಸ್ತಕ ಹಿಡಿಯುವುದು ಯಾವಾಗ? ನನಗೆ ಖಾಲಿ ಇರುವುದು ಕಿವಿ ಮತ್ತು ಬಾಯಿ ಮಾತ್ರ.

ಹೆಮ್ಮಿಂಗ್ ಮಾಡುವಾಗ, ಹುಕ್ ಹಾಕುವಾಗ ಮೆಷಿನ್ ಸದ್ದು ಇರುವುದಿಲ್ಲ. ಆಗ ಮೊಬೈಲಿನಲ್ಲಿ ಕಥೆ ಕೇಳುತ್ತೇನೆ. ಎರಡು ವರ್ಷದಲ್ಲಿ ನಾನು ಕೇಳಿ ಮುಗಿಸಿದಷ್ಟು ಕಥೆಗಳನ್ನು ಶಾಲೆಗೆ ಹೋಗುವಾಗಲೂ ಓದಿರಲಿಲ್ಲ. ಇದನ್ನು ಓದು ಅಂತ ಕರೆಯಬಹುದೋ ಇಲ್ಲವೋ ಅಂತ ಒಬ್ಬರು ಕೇಳಿದ್ದರು. ನನಗೆ ಅದು ಓದೇ. ಅಜ್ಜಿ ಹೇಳಿದ ಕಥೆ ಕೇಳಿಯೇ ಅಲ್ವಾ ನಾವೆಲ್ಲ ಬೆಳೆದದ್ದು?

ಆಮೇಲೆ ಬರೆಯತೊಡಗಿದೆ. ಬರೆಯುವುದು ಅಂದರೆ ಹೇಳುವುದು. ಕೀಬೋರ್ಡಿನಲ್ಲಿರುವ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡುತ್ತದೆ. ತಪ್ಪು ಬರುತ್ತದೆ. "ಹೋದ" ಅಂದರೆ "ಓದ" ಆಗುತ್ತದೆ, ಕೆಲವು ಸಲ ಳಕಾರ ಲಕಾರ ಆಗುತ್ತದೆ. ಪೂರ್ಣವಿರಾಮ ಬರುವುದೇ ಇಲ್ಲ, ಇಡೀ ಕಥೆ ಒಂದೇ ಸಾಲಾಗಿರುತ್ತದೆ. ನಮ್ಮ ಮನೆ ಮಾತಿನ ಹಾಗೆ ಹೇಳಿದರೆ ಅದಕ್ಕೆ ತಿಳಿಯುವುದಿಲ್ಲ, ಸ್ವಲ್ಪ ಪುಸ್ತಕದ ಕನ್ನಡ ಮಾತಾಡಬೇಕು. ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು ಎಲ್ಲ ತಿದ್ದುತ್ತೇನೆ. ತಿದ್ದುವಾಗ ಗಟ್ಟಿಯಾಗಿ ಓದುತ್ತೇನೆ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಸಾಲು ಸರಿ ಇಲ್ಲ ಅಂತ ಅರ್ಥ. ಬಟ್ಟೆ ಮೇಲೆ ಕೈ ಆಡಿಸಿದರೆ ಹೊಲಿಗೆ ಎಲ್ಲಿ ಸುಕ್ಕಾಗಿದೆ ಅಂತ ತಿಳಿಯುತ್ತದಲ್ಲ, ಹಾಗೆ.

ಹದಿನಾಲ್ಕು ಕಥೆ ಆಗಿದೆ. ಮೊಬೈಲು ಇಲ್ಲದಿದ್ದರೆ ಒಂದೂ ಆಗುತ್ತಿರಲಿಲ್ಲ.

ಕೊಟ್ಟಿಗೆಹಾರದಿಂದ

ಅಕ್ಕ, ನೀವು ಹೇಳಿದ್ದು ಸರಿ. ಆದರೆ ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇಲ್ಲ. ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕ್ ಕೂಡ ಇಲ್ಲ. ಆಗ ಪುಸ್ತಕ, ಡೈರಿ ಎರಡೇ ಗತಿ. ಹಾಗಾಗಿ ಮಳೆಗಾಲಕ್ಕೆ ಸೌದೆ, ಹಪ್ಪಳ ಕೂಡಿಡುವ ಹಾಗೆ ನಾವು ಪುಸ್ತಕವನ್ನೂ ಮೇ ತಿಂಗಳಲ್ಲೇ ತಂದಿಡುತ್ತೇವೆ.

ಬೆರಳಚ್ಚು, ಹಾಸನ

ಈಗ ನನ್ನ ಕಥೆ. ನಾನು ಹಾಸನದಲ್ಲಿ 1999ರಿಂದ ಡಿಟಿಪಿ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಸಂಘದ ವರದಿ, ಆಗಾಗ ಕವನ ಸಂಕಲನ. ಶುರುವಿನಲ್ಲಿ ಬರಹ, ಆಮೇಲೆ ನುಡಿ, ಎರಡೂ ಕನ್ನಡ ಟೈಪ್ ಮಾಡುವ ತಂತ್ರಾಂಶ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಬೋರ್ಡ್ ವಿನ್ಯಾಸ. ಕಲಿಯುವುದು ಸುಲಭ. ಕ ಒತ್ತಿ, ಎಫ್ ಒತ್ತಿ, ಮತ್ತೆ ಕ ಒತ್ತಿದರೆ ಕ್ಕ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ. ನನ್ನ ಬೆರಳಿಗೆ ಅದು ಎಷ್ಟು ಅಭ್ಯಾಸ ಆಗಿದೆ ಅಂದರೆ, ಪದ ಮನಸ್ಸಿಗೆ ಬರುವ ಮೊದಲೇ ಬೆರಳು ಅಲ್ಲಿರುತ್ತದೆ.

ಕಷ್ಟ ಇರುವುದು ಕೀಬೋರ್ಡಿನಲ್ಲಿ ಅಲ್ಲ, ಹಳೆಯ ಫೈಲುಗಳಲ್ಲಿ. ಇದು ಎಲ್ಲರೂ ತಿಳಿದುಕೊಳ್ಳಬೇಕಾದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಗ ನಾವು ಟೈಪ್ ಮಾಡುತ್ತಿದ್ದ ಕನ್ನಡ ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಆಗಿರಲಿಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯೆಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದರು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು. ಯುನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೇ 128 ಸ್ಥಾನಗಳ ಒಂದು ಜಾಗ ಕೊಟ್ಟಿದ್ದಾರೆ. ಕ ಅಂದರೆ ಯಾವ ಮೊಬೈಲಿನಲ್ಲೂ, ಯಾವ ದೇಶದಲ್ಲೂ ಕ. ಹುಡುಕಿದರೆ ಸಿಗುತ್ತದೆ, ಅಕಾರಾದಿಯಾಗಿ ಜೋಡಿಸಿದರೆ ಜೋಡಣೆಯಾಗುತ್ತದೆ.

ಐದಾರು ವರ್ಷದ ಹಿಂದೆ ಒಬ್ಬ ಹಿರಿಯ ಕವಿ ಅಂಗಡಿಗೆ ಬಂದರು. ತಮ್ಮ ಎರಡು ಸಂಕಲನಗಳ ಸಿಡಿ ತಂದಿದ್ದರು. ಮತ್ತೆ ಅಚ್ಚು ಮಾಡಿಸಬೇಕಿತ್ತು. ಟೈಪ್ ಮಾಡಿಸಿದ್ದು ಬೇರೆ ಊರಿನ ಒಂದು ಪ್ರೆಸ್ಸಿನಲ್ಲಿ. ಅಲ್ಲಿ ಬಳಸಿದ್ದ ಫಾಂಟ್ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ತೆರೆದರೆ ಪುಟ ತುಂಬ ಗೀಚು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು. "ಇದು ನಾನು ಬರೆದದ್ದಾ?" ಅಂತ ಕೇಳಿದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೂರು ದಿನ ಕೂತು ಅಚ್ಚಾದ ಹಳೆ ಪುಸ್ತಕ ನೋಡಿಕೊಂಡು ಪೂರ್ತಿ ಯುನಿಕೋಡ್‌ನಲ್ಲಿ ಟೈಪ್ ಮಾಡಿಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಫಾಂಟ್ ಯಾವುದು ಅಂತ ಗೊತ್ತಿದ್ದರೆ ಪರಿವರ್ತಕ ತಂತ್ರಾಂಶ ಇದೆ. ಆದರೆ ಕಣ್ಣಿಟ್ಟು ತಿದ್ದಬೇಕು. ಅರ್ಕಾವತ್ತು ಬಹಳ ಸಲ ಜಾಗ ತಪ್ಪುತ್ತದೆ. ಹಳೆ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಯುನಿಕೋಡ್‌ನಲ್ಲಿ ಮೊದಲು ಬರಬೇಕು. "ಸೂರ್ಯ", "ಕಾರ್ಯ" ಇಂಥ ಪದಗಳನ್ನು ಒಂದೊಂದಾಗಿ ನೋಡಿ.

ನಿಮ್ಮ ಮೂಡಿಗೆರೆಯಲ್ಲೇ ಇದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ತನಕ ಕಂಪ್ಯೂಟರಿನಲ್ಲಿ ಕನ್ನಡ ಹಿಂದೆ ಬೀಳಬಾರದು ಅಂತ ಓಡಾಡಿದವರು. ತೋಟ ನೋಡಿಕೊಂಡು, ಹಕ್ಕಿಗಳ ಫೋಟೋ ತೆಗೆದುಕೊಂಡು, ಬರೆದುಕೊಂಡು ಇದ್ದವರಿಗೆ ಫಾಂಟಿನ ಚಿಂತೆ ಯಾಕೆ ಬೇಕಿತ್ತು ಅಂತ ಆಗ ನನಗೆ ಅನಿಸುತ್ತಿತ್ತು. ಆ ಸಿಡಿ ತೆರೆದ ದಿನ ಅರ್ಥವಾಯಿತು.

ಕಿವಿಯೋದು, ಚಿಕ್ಕಮಗಳೂರು

ಬೆರಳಚ್ಚು ಸರ್, ನಿಮ್ಮ ಮಾತನ್ನು ನಾನು ಎರಡು ಸಲ ಕೇಳಿದೆ. ಹೌದು, ಕೇಳಿದೆ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಬಳಸುತ್ತೇನೆ. ಪರದೆಯ ಮೇಲಿನ ಅಕ್ಷರವನ್ನು ಅವು ಓದಿ ಹೇಳುತ್ತವೆ.

ಇಲ್ಲಿ ಎಲ್ಲರೂ ಪುಸ್ತಕ, ಮೊಬೈಲು ಅಂತ ಎರಡು ಬಣ ಮಾಡಿ ಮಾತಾಡುತ್ತಿದ್ದೀರಿ. ನನ್ನ ಲೋಕದಲ್ಲಿ ಗೆರೆ ಬೇರೆ ಕಡೆ ಇದೆ. ಯುನಿಕೋಡ್ ಅಕ್ಷರ ಆಗಿದ್ದರೆ ನನಗೆ ಕೇಳಿಸುತ್ತದೆ. ಚಿತ್ರ ಆಗಿದ್ದರೆ ಮೌನ. ಹಳೆಯ ನುಡಿ ಫೈಲು ಆಗಿದ್ದರೆ ಯಾವುದೋ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಗುತ್ತದೆ. ಮಳೆಪುಸ್ತಕ ಅವರೇ, ಕೈಬರಹದ ಡೈರಿಯ ಫೋಟೋ ನೀವು ಎಷ್ಟು ಚೆನ್ನಾಗಿ ತೆಗೆದರೂ ಅದು ನನಗೆ ಮುಚ್ಚಿದ ಬಾಗಿಲೇ. ಇಂಟರ್ನೆಟ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿ ಇದೆ. ಅದು ದೊಡ್ಡ ಕೆಲಸ, ಮಾಡಿದವರಿಗೆ ಕೈಮುಗಿಯುತ್ತೇನೆ. ಆದರೆ ಹೆಚ್ಚಿನವು ಬರೀ ಚಿತ್ರ. ಚಿತ್ರದಿಂದ ಅಕ್ಷರ ತೆಗೆಯುವ ಓಸಿಆರ್ ಕನ್ನಡಕ್ಕೂ ಬಂದಿದೆ, ಅಚ್ಚು ಸ್ಪಷ್ಟ ಇದ್ದರೆ ಪರವಾಗಿಲ್ಲ. ಒತ್ತಕ್ಷರ ಮಸುಕಾಗಿದ್ದರೆ ಎಡವುತ್ತದೆ.

ಚಿಕ್ಕವನಿದ್ದಾಗ ನನಗೆ ಪುಸ್ತಕ ಅಂದರೆ ಇನ್ನೊಬ್ಬರ ಬಿಡುವು. ಅಕ್ಕ ಓದಿ ಹೇಳಬೇಕು, ಸ್ನೇಹಿತ ಓದಿ ಹೇಳಬೇಕು. ಅವರಿಗೆ ನಿದ್ದೆ ಬಂದರೆ ಕಥೆ ಅಲ್ಲಿಗೆ ನಿಲ್ಲುತ್ತಿತ್ತು. ಮೊದಲ ಸಲ ಒಂದು ಕಾದಂಬರಿಯನ್ನು ಯಾರ ಸಹಾಯವೂ ಇಲ್ಲದೆ, ರಾತ್ರಿ ಎರಡು ಗಂಟೆಯ ತನಕ, ನನ್ನಷ್ಟಕ್ಕೆ ನಾನೇ ಓದಿದ್ದು ಮೂವತ್ತೊಂದನೇ ವಯಸ್ಸಿನಲ್ಲಿ. ಆ ರಾತ್ರಿ ಕೊಟ್ಟದ್ದು ಈ ಮೊಬೈಲು. ಅದರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಆದರೂ ನಿಮ್ಮ ಅಪ್ಪನವರ ಸಾಲುಗಳು ಇಷ್ಟವಾದವು. "ಹೂ ಅರಳಿತು." ಇನ್ನಷ್ಟು ಕೇಳಬೇಕು ಅನಿಸಿತು. ಟೈಪ್ ಮಾಡುವ ಯೋಚನೆ ಇದೆಯಾ?

ಮಳೆಪುಸ್ತಕ, ಮೂಡಿಗೆರೆ ತಾಲ್ಲೂಕು

ಸರ್, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಬರೆಯುವುದು ಕಾಗದದಲ್ಲೇ ಇರಬೇಕು ಅಂತ ನಾನು ಹೇಳಿದ್ದು ನನ್ನ ಕೈ, ನನ್ನ ಕಣ್ಣು ಮಾತ್ರ ನೋಡಿಕೊಂಡು. ನನಗೆ ಹಿಡಿಸಿದ್ದು ಎಲ್ಲರಿಗೂ ಹಿಡಿಸಬೇಕು ಅಂತ ಅಂದುಕೊಂಡದ್ದು ತಪ್ಪು. ಕತ್ತರಿ ದಾರ ಅಕ್ಕನೂ ಅದನ್ನೇ ಹೇಳಿದರು.

ನಿಜ ಹೇಳಬೇಕೆಂದರೆ ಆ 31 ಡೈರಿ ನನಗೂ ಪೂರ್ತಿ ಓದಲು ಬರುವುದಿಲ್ಲ. ಅಪ್ಪನ ಅಕ್ಷರ ಕೂಡಕ್ಷರ. ಅರ್ಧ ಸಾಲು ಊಹೆ ಮಾಡಬೇಕು. ಅಮ್ಮನಿಗೆ ಮಾತ್ರ ಸರಾಗ. ಯೋಚನೆ ಮಾಡುತ್ತೇನೆ.

ಪಂಚಾಯ್ತಿ ಲೈಬ್ರರಿ, ಬೇಲೂರು ತಾಲ್ಲೂಕು

ನಾನು ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕಿ. ಈಗ ಅರಿವು ಕೇಂದ್ರ ಅಂತ ಬೋರ್ಡು ಇದೆ. ಊರಿನವರು ಈಗಲೂ ಲೈಬ್ರರಿ ಅಂತಲೇ ಕರೆಯುತ್ತಾರೆ, ನನಗೂ ಅದೇ ಇಷ್ಟ.

ಕೊರೊನಾ ವರ್ಷ ಶಾಲೆ ಮುಚ್ಚಿದಾಗ, 2020ರ ನವೆಂಬರ್‌ನಲ್ಲಿ, ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳಿಗಾಗಿ ಓದುವ ಬೆಳಕು ಅಂತ ಕಾರ್ಯಕ್ರಮ ಶುರುವಾಯಿತು. ಮಕ್ಕಳಿಗೆ ಉಚಿತ ಸದಸ್ಯತ್ವ. ಅದೇ ವರ್ಷದ ಆರಂಭದಲ್ಲಿ ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿ ಕೂಡ ಬಂದಿತ್ತು. ನಾನು ಎರಡನ್ನೂ ಮಕ್ಕಳಿಗೆ ತೋರಿಸಿದೆ. ಏನಾಯಿತು ಗೊತ್ತಾ? ದೊಡ್ಡ ಹುಡುಗರು ಪರೀಕ್ಷೆಗೆ ಓದಲು ಡಿಜಿಟಲ್ ಹಿಡಿದರು. ಸಣ್ಣ ಮಕ್ಕಳು ಚಿತ್ರದ ಪುಸ್ತಕ ಬಿಡಲಿಲ್ಲ. ಪುಟ ತಿರುಗಿಸುವುದೇ ಅವರಿಗೆ ಹಬ್ಬ. ಒಂದೇ ಪುಸ್ತಕವನ್ನು ಮೂವರು ನೆಲದ ಮೇಲೆ ಹೊಟ್ಟೆಯಡಿ ಮಲಗಿ ಓದುತ್ತಾರೆ. ಮೊಬೈಲಿನ ಸುತ್ತ ಮೂವರು ಕೂತರೆ ಒಬ್ಬ ಮಾತ್ರ ಹಿಡಿದಿರುತ್ತಾನೆ, ಇಬ್ಬರು ಜಗಳ ಮಾಡುತ್ತಾರೆ.

ನಮ್ಮ ತಾಲ್ಲೂಕಿನ ಹಲ್ಮಿಡಿಗೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮೂಲ ಶಾಸನ ಊರಲ್ಲಿ ಇಲ್ಲ, ಮಂಟಪದಲ್ಲಿ ಅದರ ಪ್ರತಿಕೃತಿ ಇದೆ. ಸುಮಾರು ಕ್ರಿ.ಶ. 450ರದ್ದು ಅಂತ ವಿದ್ವಾಂಸರು ಹೇಳುತ್ತಾರೆ, 16 ಸಾಲು. ಒಬ್ಬ ಹುಡುಗಿ ತುಂಬ ಹೊತ್ತು ನೋಡಿ, "ಮಿಸ್, ಇದು ಕನ್ನಡ ಅಂತೀರಿ, ನನಗೆ ಒಂದಕ್ಷರವೂ ಓದೋಕೆ ಬರ್ತಿಲ್ಲ" ಅಂದಳು. ಹಳೆ ಅಕ್ಷರವನ್ನು ಯಾರೋ ಕಲಿತು, ಓದಿ, ಇವತ್ತಿನ ಅಕ್ಷರದಲ್ಲಿ ಬರೆದುಕೊಟ್ಟರು, ಅದಕ್ಕೇ ನಮಗೆ ಗೊತ್ತಾದದ್ದು ಅಂತ ಹೇಳಿದೆ. ಈಗ ನಿಮ್ಮ ಡೈರಿಯ ವಿಷಯ ಓದುವಾಗ ಅದು ನೆನಪಾಯಿತು. ಅಮ್ಮನಿಂದ ಓದಿಸಿ. ತಡ ಮಾಡಬೇಡಿ.

ಬಳಪ, ಬೇಲೂರು

ಬರವಣಿಗೆ ಅಲ್ಲ, ಚಿತ್ರದ ಬಗ್ಗೆ ಎರಡು ಮಾತು ಹೇಳಬಹುದಾ? ನಾನು ಭಾನುವಾರ ಬೆಳಿಗ್ಗೆ ಚೆನ್ನಕೇಶವ ದೇವಸ್ಥಾನಕ್ಕೆ ಹೋಗಿ ಒಂದು ಮೂರ್ತಿ ಬಿಡಿಸುತ್ತೇನೆ. ಪೆನ್ಸಿಲ್, ಸಣ್ಣ ಪುಸ್ತಕ ಅಷ್ಟೇ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ. ಎಲ್ಲರ ಕೈಯಲ್ಲೂ ಮೊಬೈಲು. ಒಂದು ಮದನಿಕೆಗೆ ನಾಲ್ಕು ಸೆಕೆಂಡು.

ಮೊದಲು ನಾನೂ ಫೋಟೋ ತೆಗೆದು ಮನೆಯಲ್ಲಿ ಕೂತು ಬಿಡಿಸುತ್ತಿದ್ದೆ. ಚಿತ್ರ ಸರಿಯಾಗಿಯೇ ಬರುತ್ತಿತ್ತು. ಆದರೆ ಆಭರಣದ ಕೆಳಗೆ ಉಳಿಯ ತುದಿ ಎಷ್ಟು ಒಳಗೆ ಹೋಗಿದೆ ಅಂತ ಫೋಟೋ ಹೇಳುವುದಿಲ್ಲ. ಎದುರು ನಿಂತು ಒಂದು ಗಂಟೆ ನೋಡಿದರೆ, ಬಿಸಿಲು ಸರಿದ ಹಾಗೆ ಒಂದೊಂದೇ ಗೆರೆ ಎದ್ದು ಬರುತ್ತದೆ. ಅಲ್ಲಿನ ಶಿಲ್ಪಿಗಳು ಕೆಲವು ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಒಂಬೈನೂರು ವರ್ಷವಾದರೂ ಅಪ್ಪ ಮಗನ ಹೆಸರು ಅಲ್ಲೇ ಇದೆ. ಮಳೆಪುಸ್ತಕ ಅವರೇ, ನಿಮ್ಮ ಅಪ್ಪನ ಡೈರಿ, ನಿಮ್ಮ ಡೈರಿ ಅಕ್ಕಪಕ್ಕ ಇರುವುದನ್ನು ಓದಿದಾಗ ನನಗೆ ಅವರಿಬ್ಬರೇ ಕಣ್ಣಿಗೆ ಬಂದರು.

ನಾನು ಬಿಡಿಸಿದ್ದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಡುತ್ತೇನೆ. ಅದಕ್ಕೆ ಅದು ಬೇಕು. ನೋಡುವುದಕ್ಕೆ ಬೇಡ.

ಹೇಮಾವತಿ ದಂಡೆ, ಹಾಸನ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ದಿನಕ್ಕೆ ಹತ್ತು ಪುಟ, ವರ್ಷಕ್ಕೆ ಒಂಬತ್ತು ಪುಸ್ತಕ ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ. ನನ್ನ ವಿದ್ಯಾರ್ಥಿಗಳು ವರ್ಷಕ್ಕೆ 50 ಪುಸ್ತಕ ಅಂತ ಗುರಿ ಹಾಕಿಕೊಂಡು, ಮೊಬೈಲಿನಲ್ಲಿ ಎಣಿಕೆ ಇಟ್ಟು, ಕೊನೆಗೆ ತೆಳು ಪುಸ್ತಕ ಹುಡುಕುತ್ತಾರೆ. ಓದು ಎಣಿಸುವ ವಸ್ತು ಆದರೆ, ಒಂದು ಪದ್ಯದ ಮುಂದೆ ಒಂದು ವಾರ ನಿಲ್ಲುವುದು ಸೋಲಿನ ಹಾಗೆ ಕಾಣುತ್ತದೆ. ನಾನು ಕೆಲವು ಪದ್ಯಗಳ ಮುಂದೆ ವರ್ಷಗಟ್ಟಲೆ ನಿಂತಿದ್ದೇನೆ.

ನಮ್ಮ ಊರಿನ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಹುಡುಗಿಯರು ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಅವರು ದಿನಕ್ಕೆ ಎಷ್ಟು ಪುಟ ಬರೀತಾರೆ ಮೇಡಂ?" ನಾನು ಹೇಳಿದೆ, ಅವರು ವಕೀಲರು. ಮನೆ ಇದೆ, ಕೋರ್ಟು ಇದೆ, ಹೋರಾಟ ಇದೆ. ದಶಕಗಳ ಕಾಲ ಬರೆದ ಕಥೆಗಳವು. ಪುಟದ ಲೆಕ್ಕ ಕೇಳಬೇಡಿ. ಅವರು ಯಾರ ಮಾತನ್ನು ಕಿವಿಗೊಟ್ಟು ಕೇಳಿದ್ದಾರೆ ಅಂತ ನೋಡಿ. ದೀಪಾ ಭಾಸ್ತಿಯವರು ಅದನ್ನು ಇಂಗ್ಲಿಷಿಗೆ ಎಷ್ಟು ಆಸ್ಥೆಯಿಂದ ಒಯ್ದರು ಅಂತ ನೋಡಿ.

ಮಳೆಪುಸ್ತಕ, ಮೂಡಿಗೆರೆ ತಾಲ್ಲೂಕು

ಮೇಡಂ, ಒಪ್ಪುತ್ತೇನೆ. ನನಗೆ ಹತ್ತು ಪುಟ ಅನ್ನುವುದು ಗುರಿ ಅಲ್ಲ, ಆಳುಗಳು ಬರುವ ತನಕ ಸಿಗುವ ಸಮಯ ಅಷ್ಟೇ. ಕೆಲವು ದಿನ ಒಂದೇ ಪುಟ. ಆದರೆ ದಿನವೂ ಅದೇ ಹೊತ್ತಿಗೆ ಅಲ್ಲಿ ಕೂರುವುದನ್ನು ಬಿಡಲಾರೆ. ಬಿಟ್ಟರೆ ಮತ್ತೆ ನಲವತ್ತನೇ ಪುಟಕ್ಕೆ ಹೋಗುತ್ತೇನೆ.

ಮಳೆಪುಸ್ತಕ, ಮೂಡಿಗೆರೆ ತಾಲ್ಲೂಕು

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಹೇಳಿದ್ದರಲ್ಲಿ ಕೆಲವನ್ನು ಮಾಡಿದೆ.

ಮೊದಲು ಫೋಟೋ. ಮಳೆ ಬಿಟ್ಟ ಎರಡು ದಿನದಲ್ಲಿ ಹನ್ನೊಂದು ಡೈರಿ ಆಯಿತು. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಒಂದು ಬೆಂಗಳೂರಿನಲ್ಲಿರುವ ತಂಗಿಯ ಹತ್ತಿರ.

ಆಮೇಲೆ ಕತ್ತರಿ ದಾರ ಅಕ್ಕ ಹೇಳಿದ ಉಪಾಯ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಡೈರಿ ಹಿಡಿದು ಓದುತ್ತಾರೆ, ನಾನು ಮೊಬೈಲಿನ ಮೈಕ್ ಒತ್ತಿ ಅವರ ಮುಂದೆ ಹಿಡಿಯುತ್ತೇನೆ. 1994ರಿಂದ ಶುರು ಮಾಡಿದೆವು, ಅದರ ರಟ್ಟು ತುಂಬ ಹಾಳಾಗಿತ್ತು. ಮೊದಲ ದಿನ ಅಮ್ಮ ನಾಚಿಕೊಂಡು ಪಿಸುಪಿಸು ಓದಿದರು, ಮೊಬೈಲು ಏನೇನೋ ಬರೆಯಿತು. ಮೂರನೇ ದಿನಕ್ಕೆ ದನಿ ಬಂತು. "ಸಂಕ" (ಹಳ್ಳ ದಾಟುವ ಕಾಲುಸೇತುವೆ), "ಬ್ಯಾಣ", "ಕೊಣಬೆ" ಇಂಥ ನಮ್ಮ ಮಾತುಗಳನ್ನು ಅದು ಹಿಡಿಯುವುದಿಲ್ಲ, ನಾನು ಕೈಯಲ್ಲಿ ತಿದ್ದುತ್ತೇನೆ.

ನಾನು ಎಣಿಸದೇ ಇದ್ದದ್ದು ಒಂದಾಯಿತು. ಅಮ್ಮ ಒಂದು ಸಾಲು ಓದುತ್ತಾರೆ, ನಿಲ್ಲುತ್ತಾರೆ, ಆ ದಿನದ ಕಥೆ ಹೇಳುತ್ತಾರೆ. "ಮೆಣಸು ಕೊಯ್ಲು ಮುಗಿಯಿತು" ಅಂತ ಅಪ್ಪ ಬರೆದಿದ್ದರೆ, ಆ ಮೆಣಸಿನ ದುಡ್ಡಿನಲ್ಲಿ ಅತ್ತೆಯ ಮದುವೆ ಸಾಲ ತೀರಿದ್ದು ಅಮ್ಮನಿಗೆ ಗೊತ್ತು. ಅಪ್ಪ ಅದನ್ನು ಬರೆದೇ ಇಲ್ಲ. ಈಗ ನಾನು ಎರಡು ಬಗೆಯ ಸಾಲು ಟೈಪ್ ಮಾಡುತ್ತಿದ್ದೇನೆ. ಮೇಲೆ ಅಪ್ಪನದು ಇದ್ದ ಹಾಗೆ, ಕೆಳಗೆ ಅಮ್ಮ ಹೇಳಿದ್ದು. ದಿನಕ್ಕೆ ಒಂದು ವಾರದ ಪುಟಕ್ಕಿಂತ ಜಾಸ್ತಿ ಮುಂದೆ ಹೋಗುವುದಿಲ್ಲ. ಅವಸರವೂ ಇಲ್ಲ. ಅಮ್ಮ ಈಗ ನಾಲ್ಕು ಗಂಟೆಯಿಂದಲೇ, "ಇವತ್ತು ಎಷ್ಟು ಹೊತ್ತಿಗೆ ಕೂರೋದು?" ಅಂತ ಕೇಳುತ್ತಾರೆ.

ಬೆಳಗಿನ ನನ್ನ ಡೈರಿ ಕಾಗದದಲ್ಲೇ ನಡೆದಿದೆ. ತಿಂಗಳ ಕೊನೆಗೆ ಅದನ್ನೂ ಟೈಪ್ ಮಾಡುತ್ತೇನೆ. 1994ರ ಜನವರಿಯಿಂದ ಜುಲೈವರೆಗಿನದನ್ನು ಯುನಿಕೋಡ್‌ನಲ್ಲಿ ಕಿವಿಯೋದು ಸರ್‌ಗೆ ಕಳಿಸಿದ್ದೇನೆ.

ಕತ್ತರಿ ದಾರ, ಅರಸೀಕೆರೆ

ಅಣ್ಣ, ಅಮ್ಮನ ದನಿಯನ್ನೂ ಬೇರೆಯಾಗಿ ರೆಕಾರ್ಡ್ ಮಾಡಿ ಇಡಿ. ಮೈಕ್ ಒತ್ತಿದರೆ ಅಕ್ಷರ ಮಾತ್ರ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಇನ್ನೊಂದು ಮೊಬೈಲು ಪಕ್ಕದಲ್ಲಿ ಇಟ್ಟರೆ ಸಾಕು. ನಮ್ಮ ಅಜ್ಜಿಯದು ನನ್ನ ಹತ್ತಿರ ಇಲ್ಲ.

ಮಳೆಪುಸ್ತಕ, ಮೂಡಿಗೆರೆ ತಾಲ್ಲೂಕು

ಇವತ್ತಿನಿಂದಲೇ ಮಾಡುತ್ತೇನೆ ಅಕ್ಕ. ಹೆಂಡತಿಯ ಮೊಬೈಲು ಇದೆ.

ಕಿವಿಯೋದು, ಚಿಕ್ಕಮಗಳೂರು

ಜುಲೈ ತನಕ ಓದಿದೆ. ಮಳೆಯ ಅಂಕಿ ಏರುತ್ತಾ ಹೋಗುವುದನ್ನು ಕೇಳುವುದೇ ಒಂದು ಅನುಭವ. ಒಂದು ಅನುಮಾನ. ಜುಲೈ ಎರಡನೇ ವಾರದಲ್ಲಿ ಒಂದು ದಿನ "ಬೆಳಿಗ್ಗೆ ಹಳ್ಳದ" ಅಂತ ಇದೆ, ಮುಂದೆ ಏನೂ ಇಲ್ಲ. ಅಂಕಿಯೂ ಇಲ್ಲ. ಟೈಪ್ ಮಾಡುವಾಗ ಬಿಟ್ಟುಹೋಯಿತಾ?

ಮಳೆಪುಸ್ತಕ, ಮೂಡಿಗೆರೆ ತಾಲ್ಲೂಕು

ಬಿಟ್ಟುಹೋಗಿಲ್ಲ ಸರ್, ಡೈರಿಯಲ್ಲೂ ಅಷ್ಟೇ ಇದೆ. ಅಮ್ಮನನ್ನು ಕೇಳಿದೆ. ಅವತ್ತು ಹಳ್ಳ ಉಕ್ಕಿ ಸಂಕ ಹೋಯಿತಂತೆ. ಆಚೆ ದಡದ ಆಳುಗಳ ಲೈನ್ ಮನೆಯಲ್ಲಿ ಬಾಣಂತಿ ಇದ್ದಳು. ಕೂಗು ಕೇಳಿ ಅಪ್ಪ ಪೆನ್ನು ಅಲ್ಲೇ ಬಿಟ್ಟು ಓಡಿದರು. ತಾಯಿ ಮಗುವನ್ನು ಈಚೆಗೆ ತರುವಾಗ ಮಧ್ಯಾಹ್ನ ಆಗಿತ್ತು. ಅಳತೆ ಮಾರನೇ ದಿನದ ಸಾಲಿನಲ್ಲಿ ಸೇರಿದೆ, ನೋಡಿ: "ಎರಡು ದಿನದ್ದು 9 ಇಂಚು 60. ಸಂಕಕ್ಕೆ ಅಡಿಕೆ ಮರ ಕಡಿಸಬೇಕು."